ಗಾಯದ ಋಣ

೧

ದುಡಿಯುತ್ತ ಒಂದು ಕೈಯನ್ನು ಕಳೆದುಕೊಂಡವನು ಉಳಿದ ಕೈಯನ್ನು ಪರರ ಮುಂದೆ ಚಾಚುವುದು ಮಾನವಂತನಿಗೆ ಒಪ್ಪತಕ್ಕ ನಡತೆಯೇ? ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳುವುದಿಲ್ಲ. ಆದರೆ ಯಂತ್ರಕ್ಕೆ ಬೆರಳು ಕೊಟ್ಟವನು, ಗಣಿಯ ದೂಳಿನಿಂದ ಎದೆ ಕೆಟ್ಟವನು, ಕಟ್ಟಡದ ಸಾರುವೆಯಿಂದ ಬಿದ್ದು ನಡು ಮುರಿದುಕೊಂಡವನು, ಇವರಲ್ಲಿ ಯಾರೇ ಆಗಲಿ, ಪರಿಹಾರಕ್ಕಾಗಿ ಸರ್ಕಾರದ ಕಚೇರಿಯ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಈ ಪ್ರಶ್ನೆ ಅವರ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ‘ಇಷ್ಟು ವರ್ಷ ಅನ್ನ ಹಾಕಿದ ಧಣಿಯ ಮೇಲೆ ದೂರು ಹೇಳುವುದೇ? ಹಣೆಯಲ್ಲಿ ಬರೆದುದನ್ನು ಕಾಗದದಲ್ಲಿ ಬರೆದು ಹಣ ಕೇಳುವುದೇ?’ ಎಂದು ಮನಸ್ಸು ಹಿಂದೆಗೆಯುತ್ತದೆ. ಅತ್ತ ಧಣಿಯು ಸಜ್ಜನನಾಗಿದ್ದರೆ ಆಸ್ಪತ್ರೆಯ ಖರ್ಚನ್ನು ವಹಿಸಿ, ಎರಡು ತಿಂಗಳ ಸಂಬಳವನ್ನು ಕೈಯಲ್ಲಿಟ್ಟು, ‘ನಮ್ಮ ಧರ್ಮವನ್ನು ನಾವು ಮಾಡಿದೆವು’ ಎಂದು ಸಮಾಧಾನ ತಾಳುತ್ತಾನೆ. ನೋಡುವ ನಾವು ಇಬ್ಬರನ್ನೂ ಮೆಚ್ಚುತ್ತೇವೆ: ಕೇಳದೆ ಹೋದವನ ಮಾನವನ್ನೂ, ಕೇಳದೆ ಕೊಟ್ಟವನ ಔದಾರ್ಯವನ್ನೂ.

ಈ ಮೆಚ್ಚಿಕೆ ಸರಿಯಾದುದೇ ಎಂಬುದನ್ನು ವಿಚಾರಮಾಡುವುದು ಇಲ್ಲಿಯ ಉದ್ದೇಶ. ಒಬ್ಬನು ಮತ್ತೊಬ್ಬನಿಗೆ ಹಣವನ್ನು ಕೊಡುವುದಕ್ಕೆ ಲೋಕದಲ್ಲಿ ಕಾರಣಗಳು ಹಲವು. ಕರುಣೆಯಿಂದ ಕೊಟ್ಟರೆ ಅದು ದಾನ. ತಪ್ಪು ಮಾಡಿದುದಕ್ಕಾಗಿ ತೆತ್ತರೆ ಅದು ದಂಡ. ಸಲ್ಲಬೇಕಾಗಿದ್ದುದನ್ನು ಸಲ್ಲಿಸಿದರೆ ಅದು ಋಣದ ತೀರುವೆ. ದುಡಿಮೆಯಲ್ಲಿ ಆದ ಗಾಯಕ್ಕೂ ದುಡಿಮೆಯಿಂದ ಬಂದ ರೋಗಕ್ಕೂ ಕೊಡುವ ಪರಿಹಾರವು ಈ ಮೂರರಲ್ಲಿ ಯಾವುದು? ಹೆಸರನ್ನು ಸರಿಯಾಗಿ ಗೊತ್ತುಮಾಡಿದರೆ ಕೇಳುವವನು ತಲೆಯನ್ನು ತಗ್ಗಿಸಬೇಕೋ ಎತ್ತಬೇಕೋ ಎಂಬುದು ತಾನಾಗಿ ಗೊತ್ತಾಗುತ್ತದೆ.

೨

ಮೊದಲು ದಾನದ ಮಾತು. ದಾನವು ಹಿರಿಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ನಾಡಿನ ಎಷ್ಟೋ ಕೆರೆಕಟ್ಟೆಗಳೂ ಛತ್ರಗಳೂ ಅದರಿಂದಲೇ ಆದುವು. ಆದರೆ ದಾನಕ್ಕೆ ಮೂರು ಲಕ್ಷಣಗಳುಂಟು. ಕೊಡುವುದೂ ಬಿಡುವುದೂ ದಾನಿಯ ಇಚ್ಛೆ, ಎಷ್ಟು ಕೊಡಬೇಕೆಂಬುದಕ್ಕೆ ಅವನ ಮನಸ್ಸೇ ಅಳತೆ, ಪಡೆದವನು ಕೃತಜ್ಞನಾಗಿರತಕ್ಕದ್ದು. ಈ ಮೂರನ್ನೂ ಗಾಯಗೊಂಡ ಕೆಲಸಗಾರನಿಗೆ ಅನ್ವಯಿಸಿ ನೋಡೋಣ. ಒಡೆಯನು ಇಚ್ಛೆಪಟ್ಟರೆ ಅವನ ಮನೆಯಲ್ಲಿ ಒಲೆ ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಒಡೆಯನಿಗೆ ಪ್ರಿಯನಾಗಿದ್ದ ಮೇಸ್ತ್ರಿಯ ಬೆರಳಿಗೆ ಹೆಚ್ಚು, ಎದುರಾಡುತ್ತಿದ್ದ ಕೂಲಿಯ ಬೆರಳಿಗೆ ಕಡಮೆ ಎಂದಾಗುತ್ತದೆ. ಇಷ್ಟಾದ ಮೇಲೆ ಬೆರಳನ್ನು ಕಳೆದುಕೊಂಡವನೇ ಕೈಮುಗಿದು ನಿಲ್ಲಬೇಕು! ಕಳೆದುಕೊಂಡವನು ಉಪಕೃತನೂ, ಅವನ ದುಡಿಮೆಯ ಫಲವನ್ನುಂಡವನು ಉಪಕಾರಿಯೂ ಆಗುವ ಈ ವ್ಯವಸ್ಥೆಯಲ್ಲಿ ಏನೋ ತಲೆಕೆಳಗಾಗಿರಬೇಕೆಂದು ಯಾರಿಗಾದರೂ ತೋರದೆ ಇರದು.

ಇನ್ನೊಂದು ಸಂಗತಿಯಿದೆ. ಇಂಥ ದಾನದ ಬೆನ್ನ ಹಿಂದೆ ಎಷ್ಟೋ ವೇಳೆ ಒಂದು ಸಣ್ಣ ಸುಳ್ಳು ನಿಂತಿರುತ್ತದೆ. ‘ಆಸ್ಪತ್ರೆಯಲ್ಲಿ ಕೇಳಿದರೆ ಮನೆಯಲ್ಲಿ ಜಾರಿಬಿದ್ದೆನೆಂದು ಹೇಳು, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತು ಕಾರ್ಖಾನೆಗಳಿರುವ ಊರುಗಳಲ್ಲಿ ಅಪರಿಚಿತವಲ್ಲ. ಆ ಎರಡು ತಿಂಗಳ ಸಂಬಳವು ಆಗ ಆ ಸುಳ್ಳಿಗೆ ಕೊಟ್ಟ ಬೆಲೆಯಾಗುತ್ತದೆ. ಕೊಟ್ಟವನಿಗೆ ದಾನದ ಪುಣ್ಯವಿಲ್ಲ. ಕೊಂಡವನಿಗೆ ಸತ್ಯದ ಬಲವಿಲ್ಲ.

೩

ಹಾಗಾದರೆ ಪರಿಹಾರವನ್ನು ದಂಡವೆಂದು ಕರೆಯೋಣವೇ? ಪಾಶ್ಚಾತ್ಯ ದೇಶಗಳ ನ್ಯಾಯಾಧೀಶರು ಬಹುಕಾಲ ಹೀಗೆಯೇ ಭಾವಿಸಿದರು. ಒಡೆಯನದು ತಪ್ಪಾಗಿದ್ದರೆ ಅವನು ತೆರಲಿ. ತಪ್ಪಿಲ್ಲದಿದ್ದರೆ ಏತಕ್ಕೆ ತೆರಬೇಕು? ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಇದರ ಪರಿಣಾಮವೇನಾಯಿತೆಂಬುದನ್ನು ಇಂಗ್ಲೆಂಡಿನ ಚರಿತ್ರೆ ತೋರಿಸುತ್ತದೆ. ಮಾಂಸದ ವ್ಯಾಪಾರಿಯೊಬ್ಬನ ಆಳು, ಮಿತಿಮೀರಿ ಹೊರೆ ಹೇರಿದ್ದ ಬಂಡಿ ಮುರಿದು ತನ್ನ ತೊಡೆಯನ್ನು ಮುರಿದುಕೊಂಡು ನ್ಯಾಯಸ್ಥಾನಕ್ಕೆ ಹೋದನು. ೧೮೩೭ರಲ್ಲಿ ಬಂದ ತೀರ್ಪಿನಲ್ಲಿ ಅವನ ದಾವೆ ನಿಲ್ಲಲಿಲ್ಲ. ಆ ತೀರ್ಪಿನಿಂದ ಮೊದಲುಗೊಂಡು ಬೆಳೆದ ವಾದಗಳು ಮೂರು: ಜೊತೆಯ ಕೆಲಸಗಾರನ ಅಜಾಗ್ರತೆಯಿಂದ ಗಾಯವಾದರೆ ಒಡೆಯನು ಹೊಣೆಯಲ್ಲ; ಅಪಾಯವನ್ನು ತಿಳಿದೇ ಕೆಲಸಕ್ಕೆ ಸೇರಿದವನು ಅದನ್ನು ಒಪ್ಪಿಕೊಂಡಂತೆಯೇ; ಗಾಯಗೊಂಡವನ ತಪ್ಪು ಸ್ವಲ್ಪವಿದ್ದರೂ ಅವನಿಗೆ ಏನೂ ಸಲ್ಲದು. ಈ ಮೂರು ಬಾಗಿಲುಗಳನ್ನು ದಾಟಿ ಹಣವನ್ನು ಪಡೆದವರು ಬಹಳ ಮಂದಿಯಿರಲಾರರೆಂಬುದನ್ನು ಊಹಿಸುವುದು ಕಷ್ಟವಲ್ಲ.

ತಪ್ಪನ್ನೇ ಹುಡುಕುವ ನ್ಯಾಯಕ್ಕೆ ಯಂತ್ರಯುಗದಲ್ಲಿ ಒಂದು ದೊಡ್ಡ ಕೊರತೆಯುಂಟು. ಹತ್ತು ಗಂಟೆಗಳ ಹೊತ್ತು ಒಂದೇ ಚಲನೆಯನ್ನು ಸಾವಿರ ಸಲ ಮಾಡುವ ಕೈ ಒಂದು ಸಲ ತಡವರಿಸುವುದು ಯಾರ ತಪ್ಪು? ಬಳಲಿದ ಕಣ್ಣು ರೆಪ್ಪೆ ಮುಚ್ಚುವುದು ಯಾರ ಅಪರಾಧ? ಒಂದೊಂದು ಗಾಯವನ್ನು ಬೇರೆಬೇರೆಯಾಗಿ ನೋಡಿದರೆ ಅದು ಆಕಸ್ಮಿಕ; ದೇಶದ ಗಿರಣಿಗಳನ್ನೂ ಗಣಿಗಳನ್ನೂ ಒಟ್ಟಾಗಿ ನೋಡಿದರೆ ವರ್ಷವರ್ಷವೂ ಇಷ್ಟು ಬೆರಳು, ಇಷ್ಟು ಕಣ್ಣು, ಇಷ್ಟು ಪ್ರಾಣ ಹೋಗಿಯೇ ಹೋಗುವುದೆಂದು ಕಾಣುತ್ತದೆ. ಹತ್ತಿ, ಕಲ್ಲಿದ್ದಲು, ಎಣ್ಣೆಗಳಂತೆ ಇದೂ ಉದ್ಯಮದ ಒಂದು ವೆಚ್ಚ. ಉಳಿದ ವೆಚ್ಚಗಳೆಲ್ಲ ಒಡೆಯನ ಖಾತೆಯಲ್ಲಿ ಬರೆಯಲ್ಪಡುತ್ತವೆ. ಇದೊಂದು ಮಾತ್ರ ಕೂಲಿಯವನ ಮನೆಯ ಖಾತೆಗೆ ಸೇರುತ್ತದೆ.

ಈ ಸತ್ಯವನ್ನು ಶಾಸನದಲ್ಲಿ ತಂದವರಲ್ಲಿ ಜರ್ಮನಿಯವರು ಮೊದಲಿಗರು. ಬಿಸ್ಮಾರ್ಕನ ಕಾಲದಲ್ಲಿ, ೧೮೮೪ರಲ್ಲಿ, ಅಲ್ಲಿ ಅಪಘಾತ ವಿಮೆಯ ಶಾಸನವಾಯಿತು. ಇಂಗ್ಲೆಂಡು ೧೮೯೭ರಲ್ಲಿ ತಪ್ಪಿನ ಮಾತನ್ನು ಬದಿಗಿಟ್ಟು ಪರಿಹಾರವನ್ನು ವಿಧಿಸಿತು. ಭಾರತದಲ್ಲಿ ೧೯೨೩ರಲ್ಲಿ ಕೆಲಸಗಾರರ ಪರಿಹಾರ ಶಾಸನವು ಹುಟ್ಟಿ, ೧೯೨೪ರ ಜುಲೈ ೧ರಿಂದ ಆಚರಣೆಗೆ ಬಂದಿತು. ಗಾಯವು ಕೆಲಸದಿಂದ ಉಂಟಾಗಿ, ಕೆಲಸದ ಸಮಯದಲ್ಲಿ ಆಗಿದ್ದರೆ ಸಾಕು; ಒಡೆಯನ ತಪ್ಪನ್ನು ತೋರಿಸಬೇಕಾದುದಿಲ್ಲ ಎಂಬುದು ಅದರ ತಿರುಳು. ಕುಡಿದ ಮತ್ತಿನಲ್ಲಿದ್ದುದು, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದುಹಾಕಿದುದು ಮುಂತಾದ ಕೆಲವನ್ನು ಮಾತ್ರ ಅದು ಹೊರಗಿಟ್ಟಿತು. ಇದೇ ತತ್ತ್ವವು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಸೇರಿಕೊಂಡಿದೆ. ತಪ್ಪಿಲ್ಲದಿರುವಲ್ಲಿಯೂ ಕೊಡಬೇಕಾದುದನ್ನು ದಂಡವೆಂದು ಕರೆಯುವುದು ಹೇಗೆ? ಆದುದರಿಂದ ಪರಿಹಾರವು ದಂಡವೂ ಆಗಲಾರದು. ಇದರಿಂದ ಒಡೆಯರಿಗೂ ಒಂದು ಸಮಾಧಾನವುಂಟು: ಕೆಲಸಗಾರನು ಪರಿಹಾರವನ್ನು ಕೇಳಿದ ಮಾತ್ರಕ್ಕೆ ಅವರನ್ನು ಪಾಪಿಗಳೆಂದಂತೆ ಆಗುವುದಿಲ್ಲ.

೪

ಉಳಿದುದು ಋಣ. ಇದನ್ನು ತಿಳಿಯುವುದಕ್ಕೆ ನಾವು ಜರ್ಮನಿಯವರೆಗೆ ಹೋಗಬೇಕಾದುದೂ ಇಲ್ಲ. ನಮ್ಮ ಊರುಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ ಸಾಕು. ಊರ ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನ ಮನೆಯವರಿಗೆ ಭೂಮಿಯನ್ನು ಕೊಡುತ್ತಿದ್ದ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಶಾಸನಗಳಲ್ಲಿ ಅದಕ್ಕೆ ನೆತ್ತರುಕೊಡಗೆಯೆಂದು ಹೆಸರು. ಆ ಹೆಸರಿನಲ್ಲಿಯೇ ಅದರ ನ್ಯಾಯವಿದೆ. ನೆತ್ತರನ್ನು ಸುರಿಸಿದವನೊಬ್ಬ, ಅದರಿಂದ ತುರುಗಳನ್ನು ಉಳಿಸಿಕೊಂಡವರು ಊರವರು. ಉಳಿಸಿಕೊಂಡವರು ಕಳೆದುಕೊಂಡ ಮನೆಗೆ ಸಲ್ಲಿಸಬೇಕು. ಆ ಗದ್ದೆಯನ್ನು ಉತ್ತು ಉಂಡ ವಿಧವೆಯನ್ನೂ ಮಕ್ಕಳನ್ನೂ ಭಿಕ್ಷುಕರೆಂದು ಊರು ಎಣಿಸಿದ್ದೀತೇ? ಊರೇ ಕಲ್ಲನ್ನು ನಿಲ್ಲಿಸಿ ಅವರ ಮಾನವನ್ನು ಸಾರಿತು.

ಇಂದಿನ ಕಾರ್ಖಾನೆಯಲ್ಲಿ ತುರುಗೊಳ್ ಇಲ್ಲ. ಕೆಲಸಗಾರನು ವೀರಸ್ವರ್ಗವನ್ನು ಬಯಸಿ ಯಂತ್ರದ ಮುಂದೆ ನಿಲ್ಲುವುದೂ ಇಲ್ಲ. ಆದರೂ ಲೆಕ್ಕವು ಒಂದೇ. ನಾವು ಉಡುವ ಬಟ್ಟೆ, ನಡೆಯುವ ಸೇತುವೆ, ಮಲಗುವ ಮನೆ, ಇವೆಲ್ಲದರ ಹಿಂದೆ ಅಪಾಯಕ್ಕೆ ಮೈಯೊಡ್ಡಿದವರಿದ್ದಾರೆ. ಕೂಲಿಯನ್ನು ಕೊಟ್ಟೆವಲ್ಲವೇ ಎಂದರೆ, ಕೂಲಿಯು ದುಡಿಮೆಗೆ ಸಂದ ಬೆಲೆ. ದುಡಿಯುವ ಮೈಗೆ ಸಂದ ಬೆಲೆಯಲ್ಲ. ಬಾಡಿಗೆಗೆ ತಂದ ಎತ್ತು ಗಾಡಿಯಲ್ಲಿ ಕಾಲು ಮುರಿದುಕೊಂಡರೆ, ಬಾಡಿಗೆಯನ್ನು ಕೊಟ್ಟಾಯಿತೆಂದು ಯಾವ ರೈತನೂ ಸುಮ್ಮನೆ ಮನೆಗೆ ಹೋಗಲಾರನು. ಎತ್ತಿನ ವಿಷಯದಲ್ಲಿ ನಮಗೆ ತಿಳಿದಿರುವ ನ್ಯಾಯವು ಮನುಷ್ಯನ ವಿಷಯದಲ್ಲಿ ಮರೆಯತಕ್ಕದ್ದಲ್ಲ.

ಋಣದ ಲಕ್ಷಣವು ದಾನದ ಲಕ್ಷಣಕ್ಕೆ ಪೂರ್ತಿ ವಿರುದ್ಧ. ಅದು ಕೊಡುವವನ ಇಚ್ಛೆಯನ್ನು ಕಾಯುವುದಿಲ್ಲ. ಅದಕ್ಕೆ ಹೊರಗಿನ ಅಳತೆಯಿದೆ. ಅದನ್ನು ಪಡೆದವನು ಕೃತಜ್ಞನಾಗಬೇಕಾದುದಿಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೭೫ರಲ್ಲಿ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನೆಯತಕ್ಕದ್ದು. ಕೆಲಸದಲ್ಲಿ ಬಿದ್ದು ಅವನು ಎಡಗೈಯನ್ನು ಮೊಳಕೈಯ ಮೇಲುಗಡೆಗೆ ಕಳೆದುಕೊಂಡಿದ್ದನು. ಪರಿಹಾರವು ಯಾವ ದಿನದಿಂದ ಸಲ್ಲತಕ್ಕದ್ದು ಎಂಬ ಪ್ರಶ್ನೆ ಬಂದಾಗ, ಅಧಿಕಾರಿಯು ಆಜ್ಞೆ ಮಾಡಿದ ದಿನದಿಂದಲ್ಲ, ಗಾಯವಾದ ದಿನದಿಂದಲೇ ಎಂದು ನ್ಯಾಯಾಲಯವು ಹೇಳಿತು. ಅಂದರೆ ಋಣವು ಹುಟ್ಟುವುದು ಕಚೇರಿಯಲ್ಲಿ ಮೊಹರು ಬಿದ್ದಾಗಲ್ಲ. ಕೈ ಹೋದ ಕ್ಷಣದಲ್ಲಿಯೇ. ಕಚೇರಿಯು ಅದನ್ನು ಗುರುತಿಸುತ್ತದೆ, ಅಷ್ಟೆ.

೫

ಈ ನಿರ್ಣಯಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳಿವೆ. ಅವುಗಳಲ್ಲಿ ಕೆಲವು ತೂಕವುಳ್ಳವೇ.

ಮೊದಲನೆಯದು, ದೇಹಕ್ಕೆ ಬೆಲೆ ಕಟ್ಟುವುದು ಹೀನವೆಂಬುದು. ಶಾಸನದ ಅನುಬಂಧವನ್ನು ಓದಿದ ಸಹೃದಯನಿಗೆ ಮೈ ಜುಮ್ಮೆನ್ನುವುದು ಸಹಜ. ಹೆಬ್ಬೆರಳು ಹೋದರೆ ನೂರಕ್ಕೆ ೩೦; ತೋರುಬೆರಳು ಪೂರ್ತಿಯಾಗಿ ಹೋದರೆ ೧೪; ನಡುಬೆರಳಿಗೆ ೧೨; ಕಿರುಬೆರಳಿಗೆ ೭; ಎರಡು ಕೈಗಳೂ ಹೋದರೆ ನೂರಕ್ಕೆ ನೂರು. ಇದು ಕಟುಕನ ಅಂಗಡಿಯ ದರದ ಪಟ್ಟಿಯಂತೆ ಕಾಣುತ್ತದೆಯಲ್ಲವೇ? ಆದರೆ ಆ ಅಂಕೆಗಳು ಬೆರಳಿನ ಬೆಲೆಯಲ್ಲ. ಸಂಪಾದಿಸುವ ಶಕ್ತಿಯಲ್ಲಿ ಎಷ್ಟು ಪಾಲು ಕುಂದಿತೆಂಬುದರ ಅಳತೆ. ಬೆರಳಿಗೆ ಬೆಲೆಯಿಲ್ಲವೆಂದು ಗೌರವದಿಂದ ಹೇಳಿ ಬರಿಗೈಯಲ್ಲಿ ಕಳುಹಿಸುವುದಕ್ಕಿಂತ, ಬೆರಳನ್ನು ತಂದುಕೊಡಲಾರೆವು, ಅದು ದುಡಿದು ತರುತ್ತಿದ್ದ ಅಕ್ಕಿಯ ಒಂದು ಪಾಲನ್ನಾದರೂ ಕೊಡುವೆವು ಎನ್ನುವುದು ಹೆಚ್ಚು ಗೌರವದ ಮಾತು. ಮೇಲೆ ಹೇಳಿದ ಬಡಗಿಯ ಮೊಕದ್ದಮೆಯಲ್ಲಿ ಪಟ್ಟಿಯೇ ಕೊನೆಯ ಮಾತಾಗಲಿಲ್ಲವೆಂಬುದನ್ನೂ ಗಮನಿಸಬೇಕು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದಾದುದರಿಂದ ಅವನ ನಷ್ಟವು ನೂರಕ್ಕೆ ನೂರು ಎಂದೇ ನಿರ್ಣಯವಾಯಿತು.

ಎರಡನೆಯದು ಪ್ರಾರಬ್ಧದ ಮಾತು. ‘ಅನುಭವಿಸಬೇಕಾದುದನ್ನು ಅನುಭವಿಸಿದನು, ಇದರಲ್ಲಿ ಒಡೆಯನದೇನು, ಸರ್ಕಾರದ್ದೇನು?’ ಎನ್ನುವವರುಂಟು. ಕರ್ಮಸಿದ್ಧಾಂತದ ಗಹನತೆಯನ್ನು ಇಲ್ಲಿ ಚರ್ಚಿಸಲಾರೆವು. ಇಷ್ಟು ಮಾತ್ರ ಸ್ಪಷ್ಟ: ಕರ್ಮದ ಮಾತು ನನಗೆ ಬಂದ ದುಃಖವನ್ನು ಸಹಿಸುವುದಕ್ಕೆ ನನಗೆ ನೆರವಾಗಬಹುದು, ಮತ್ತೊಬ್ಬನ ವಿಷಯದಲ್ಲಿ ನನ್ನ ಕರ್ತವ್ಯವನ್ನು ತಪ್ಪಿಸಿಕೊಳ್ಳುವುದಕ್ಕೆ ಅದು ನೆಪವಾಗಲಾರದು. ಸಾಲ ಕೊಟ್ಟವನಿಗೆ ‘ನಿನ್ನ ಹಣ ಬಾರದಿರುವುದು ನಿನ್ನ ಪ್ರಾರಬ್ಧ’ ಎಂದು ಸಾಲಗಾರನು ಹೇಳಿದರೆ ನಾವು ಅದನ್ನು ವೇದಾಂತವೆನ್ನುವುದಿಲ್ಲ.

ಮೂರನೆಯದು ಮೋಸದ ಭಯ. ಸುಳ್ಳು ಗಾಯವನ್ನು ತೋರಿಸಿ ಹಣ ಪಡೆಯುವವರಿಲ್ಲವೇ? ಇದ್ದಾರೆ. ಅದಕ್ಕಾಗಿಯೇ ವೈದ್ಯರ ಪರೀಕ್ಷೆ, ವೈದ್ಯಮಂಡಲಿ, ವಿಚಾರಣೆ ಇವೆಲ್ಲ ಏರ್ಪಟ್ಟಿವೆ. ಕಳ್ಳ ತೂಕದ ವರ್ತಕರಿದ್ದಾರೆಂದು ಸಂತೆಯನ್ನೇ ನಿಲ್ಲಿಸಿದವರಿಲ್ಲ. ನಿಜವಾದ ಗಾಯವನ್ನು ಸುಳ್ಳುಗಾರರ ಭಯದಿಂದ ಮುಚ್ಚಿಡುವುದು ಕಳ್ಳರ ತಪ್ಪಿಗೆ ಸಾಧುಗಳನ್ನು ದಂಡಿಸಿದಂತೆ.

ನಾಲ್ಕನೆಯದು ಉಪ್ಪಿನ ಋಣ. ಇದೇ ಕೆಲಸಗಾರನ ಹೃದಯಕ್ಕೆ ಎಲ್ಲಕ್ಕಿಂತ ಹತ್ತಿರವಾದುದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿಯನ್ನು ನಾವು ಹಗುರಾಗಿ ಕಾಣತಕ್ಕದ್ದಲ್ಲ. ಆದರೆ ಉಪ್ಪಿನ ಋಣವು ಒಂದೇ ಕಡೆಗೆ ಹರಿಯುವ ಹೊಳೆಯಲ್ಲ. ಕೆಲಸಗಾರನು ಧಣಿಯ ಉಪ್ಪನ್ನು ಉಂಡಿದ್ದರೆ ಧಣಿಯು ಕೆಲಸಗಾರನ ಬೆವರನ್ನು ಉಂಡಿದ್ದಾನೆ. ತನಗೆ ಸಲ್ಲತಕ್ಕುದನ್ನು ಸತ್ಯವಾಗಿ, ಸೌಮ್ಯವಾಗಿ ಕೇಳುವುದು ಎರಡು ಬಗೆದಂತಾಗುವುದಿಲ್ಲ.

೬

ಇದುವರೆಗೆ ಕಣ್ಣಿಗೆ ಕಾಣುವ ಗಾಯದ ಮಾತನಾಡಿದೆವು. ಮುರಿದ ಕೈಗೆ ಸಾಕ್ಷಿ ಕೈಯೇ. ದುಡಿಮೆಯಿಂದ ಹುಟ್ಟುವ ರೋಗದ ಕಥೆ ಇದಕ್ಕಿಂತ ಕಠಿಣ. ಅದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ೧೮೮೦ರಲ್ಲಿ ಆಧುನಿಕ ರೀತಿಯಲ್ಲಿ ಆರಂಭಿಸಿದ ಆ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿದುವು. ಅಷ್ಟರಲ್ಲಿ ಅವು ನೆಲದೊಳಗೆ ಮೂರು ಕಿಲೋಮೀಟರಿಗೂ ಮೀರಿ ಇಳಿದಿದ್ದುವು. ಚಿನ್ನವು ಬೆಣಚುಕಲ್ಲಿನಲ್ಲಿರುತ್ತದೆ. ಆ ಕಲ್ಲನ್ನು ಕೊರೆದಾಗ ಏಳುವ ದೂಳಿನ ಅತಿ ಸೂಕ್ಷ್ಮವಾದ ಕಣಗಳು ಉಸಿರಿನೊಡನೆ ಪುಪ್ಪುಸಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಮೃದುವಾದ ಪುಪ್ಪುಸವು ಅಲ್ಲಲ್ಲಿ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಗಡುಸಾದುದನ್ನು ಮತ್ತೆ ಮೊದಲಿನಂತೆ ಮಾಡುವ ಔಷಧವು ಇಂದಿಗೂ ಇಲ್ಲ. ನೀರನ್ನು ಹಾಯಿಸುತ್ತ ಕೊರೆದರೆ ದೂಳು ಅಡಗುತ್ತದೆ. ಗಾಳಿಯ ಸಂಚಾರವನ್ನು ಹೆಚ್ಚಿಸಿದರೆ ಅಪಾಯ ತಗ್ಗುತ್ತದೆ. ೧೯೪೦ರಲ್ಲಿ ಮೈಸೂರು ಸಂಸ್ಥಾನವು ಈ ರೋಗಕ್ಕೆ ಪರಿಹಾರದ ನಿಯಮಗಳನ್ನು ರಚಿಸಿತು. ೧೯೪೦ರಿಂದ ೧೯೪೬ರವರೆಗೆ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದರ ಗುರುತುಗಳು ಕಂಡುವು.

ಈ ರೋಗವು ಅವಸರಪಡುವುದಿಲ್ಲ. ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷಗಳಾದ ಮೇಲೆ, ಎಷ್ಟೋ ವೇಳೆ ಕೆಲಸವನ್ನು ಬಿಟ್ಟು ಊರಿಗೆ ಹಿಂದಿರುಗಿದ ಮೇಲೆ, ಉಬ್ಬಸವಾಗಿ ಹೊರಬೀಳುತ್ತದೆ. ಸಿಲಿಕೋಸಿಸ್ ಹಿಡಿದ ಎದೆಗೆ ಕ್ಷಯವೂ ಸುಲಭವಾಗಿ ಅಂಟುತ್ತದೆ. ಎರಡರ ಲಕ್ಷಣಗಳೂ ಹೋಲುತ್ತವೆ. ಊರಿನ ವೈದ್ಯರು ಕ್ಷಯವೆಂದು ಬರೆದರೆಂದರೆ ಅಲ್ಲಿಗೆ ಗಣಿಯ ಹೆಸರು ಅಳಿಸಿಹೋಯಿತು! ಕ್ಷಯವು ರೋಗಿಯ ದುರದೃಷ್ಟ. ಸಿಲಿಕೋಸಿಸ್ ಗಣಿಯ ಋಣ. ಒಂದು ಪದದ ಅಂತರದಲ್ಲಿ ಒಂದು ಮನೆಯ ಬಾಳು ನಿಂತಿರುತ್ತದೆ.

ಸಾಲದ ಪತ್ರವು ಸಾಲಗಾರನ ಬಳಿಯಲ್ಲಿಯೇ ಇದ್ದರೆ ಸಾಲಿಗನ ಗತಿಯೇನು? ಯಾವ ವರ್ಷ ಯಾವ ಸುರಂಗದಲ್ಲಿ ಎಷ್ಟು ದಿನ ದುಡಿದನೆಂಬ ದಾಖಲೆಯೆಲ್ಲ ಒಡೆಯನ ಕಪಾಟಿನಲ್ಲಿ; ರೋಗವು ಮಾತ್ರ ಕೆಲಸಗಾರನ ಎದೆಯಲ್ಲಿ. ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸ್‌ಬೆಸ್ಟಾಸ್ ಕೆಲಸಗಾರರ ವಿಷಯದಲ್ಲಿ ತೀರ್ಪು ಕೊಡುತ್ತ, ಕೆಲಸಗಾರನ ಆರೋಗ್ಯವೂ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಅವನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷ, ಇಲ್ಲವೆ ನಿವೃತ್ತಿಯ ಅನಂತರ ೧೫ ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ವಿಧಿಸಿತು. ಕಾಗದವನ್ನು ನಾವು ಸಾಮಾನ್ಯವಾಗಿ ಬೇಸರದ ವಸ್ತುವೆಂದು ಎಣಿಸುತ್ತೇವೆ. ಇಲ್ಲಿ ಕಾಗದವೆಂದರೆ ನೆನಪು. ಋಣವನ್ನು ಮರೆಯಲು ಬಿಡದ ನೆನಪು.

೭

ಪರಿಹಾರವು ಋಣವೆಂದು ಒಪ್ಪಿದ ಮೇಲೂ ಒಂದು ಸಂಶಯ ಉಳಿಯುತ್ತದೆ. ‘ನನಗೆ ಸಲ್ಲಬೇಕಾದುದನ್ನು ನಾನು ಬಿಟ್ಟುಕೊಟ್ಟರೆ ಯಾರಿಗೇನು ನಷ್ಟ? ಅದು ತ್ಯಾಗವಲ್ಲವೇ?’ ಎಂದು ಕೇಳಬಹುದು.

ಇದಕ್ಕೆ ಶಾಸನದ ಉತ್ತರವು ವಿಚಾರಯೋಗ್ಯವಾಗಿದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕೆಲಸಗಾರನು ಒಡೆಯನಿಗೆ ಬರೆದುಕೊಟ್ಟ ಕರಾರು ನಿರರ್ಥಕವೆಂದು ೧೯೨೩ರ ಶಾಸನವು ಹೇಳಿತು. ಆ ಹಣವನ್ನು ಬೇರೆ ಸಾಲಗಾರರು ಜಪ್ತಿ ಮಾಡಲಾಗದೆಂದೂ ಹೇಳಿತು. ತನ್ನ ಸೊತ್ತನ್ನು ಬಿಟ್ಟುಕೊಡುವ ಸ್ವಾತಂತ್ರ್ಯವು ಎಲ್ಲರಿಗೂ ಇರುವಾಗ ಇಲ್ಲಿ ಏಕೆ ಈ ನಿರ್ಬಂಧ? ಹೊಟ್ಟೆಯ ಭಯದಿಂದ ಬಿಟ್ಟುಕೊಟ್ಟುದು ತ್ಯಾಗವಾಗುವುದಿಲ್ಲ. ಮತ್ತು ಆ ಹಣವು ಅವನೊಬ್ಬನದಲ್ಲ, ಅವನ ಮಡದಿಮಕ್ಕಳದೂ ಹೌದು. ಪರರ ಅನ್ನವನ್ನು ತ್ಯಾಗಮಾಡುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕೂ ಮೇಲಿನ ಕಾರಣವೊಂದುಂಟು. ಕೇಳದ ಗಾಯವು ಎಣಿಕೆಗೆ ಬಾರದ ಗಾಯ. ‘ಮನೆಯಲ್ಲಿ ಜಾರಿಬಿದ್ದೆ’ ಎಂದವನ ಗಾಯವು ಯಾವ ಪುಸ್ತಕದಲ್ಲಿಯೂ ಕಾರ್ಖಾನೆಯ ಗಾಯವಾಗಿ ನಮೂದಾಗುವುದಿಲ್ಲ. ಪುಸ್ತಕದಲ್ಲಿಲ್ಲದ ಅಪಾಯಕ್ಕೆ ಯಾರು ತಡೆಗಟ್ಟು ಹಾಕಿಸಿಯಾರು? ಯಂತ್ರವು ಮರುದಿನವೂ ಹಾಗೆಯೇ ತಿರುಗುತ್ತದೆ. ಅದರ ಮುಂದೆ ಇನ್ನೊಬ್ಬ ಹುಡುಗನು ಬಂದು ನಿಲ್ಲುತ್ತಾನೆ. ಮೊದಲನೆಯವನ ಮೌನವು ಎರಡನೆಯವನ ಬೆರಳನ್ನು ತೆಗೆದುಕೊಳ್ಳುತ್ತದೆ. ಪ್ರತಿಯೊಂದು ಗಾಯಕ್ಕೂ ಹಣ ತೆರಬೇಕಾಗಿ ಬಂದಾಗ ಮಾತ್ರ ತಡೆಗಟ್ಟು ಹಾಕಿಸುವುದೇ ಲಾಭವೆಂಬುದು ಲೆಕ್ಕದ ಪುಸ್ತಕಕ್ಕೂ ತಿಳಿಯುತ್ತದೆ. ಆದುದರಿಂದ ಸತ್ಯವಾಗಿ ಹಕ್ಕನ್ನು ಕೇಳುವವನು ತನಗಾಗಿ ಮಾತ್ರ ಕೇಳುವುದಿಲ್ಲ. ಹೆಸರರಿಯದ ಒಬ್ಬ ತಮ್ಮನಿಗಾಗಿಯೂ ಕೇಳುತ್ತಾನೆ.

ಧಣಿಯ ಮುಖವನ್ನು ನೋಡಿ ಸಂಕೋಚಪಡುವವರಿಗಾಗಿ ಇನ್ನೊಂದು ಮಾರ್ಗವೂ ತೆರೆಯಿತು. ೧೯೪೮ರ ಕಾರ್ಮಿಕರ ರಾಜ್ಯ ವಿಮಾ ಶಾಸನವನ್ನು, ಅಂದರೆ ಜನರು ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆಯನ್ನು, ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಆರಂಭಿಸಲಾಯಿತು. ಇಲ್ಲಿ ಒಬ್ಬ ಒಡೆಯನು ಒಬ್ಬ ಆಳಿಗೆ ಕೊಡುವ ಮಾತಿಲ್ಲ. ಎಲ್ಲರ ಪಾಲೂ ಸೇರಿದ ಒಂದು ಭಂಡಾರವಿದೆ. ೨೦೧೯ರ ಜುಲೈ ತಿಂಗಳಿಂದ ಇದಕ್ಕೆ ಕೆಲಸಗಾರನ ಪಾಲು ಸಂಬಳದ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ; ಒಡೆಯನ ಪಾಲು ಮೂರೂಕಾಲು ರೂಪಾಯಿ. ಕೆಲಸದಲ್ಲಿ ಗಾಯವಾದವನಿಗೆ, ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿದ್ದರೂ, ಗುಣವಾಗುವವರೆಗೆ ದಿನದ ಸಂಬಳದ ನೂರಕ್ಕೆ ೯೦ರಷ್ಟು ಸಲ್ಲುತ್ತದೆ. ಶಾಶ್ವತವಾದ ಊನವಾದರೆ ವೈದ್ಯಮಂಡಲಿಯು ನಿರ್ಣಯಿಸಿದ ಪ್ರಮಾಣದಲ್ಲಿ ಬದುಕಿರುವವರೆಗೂ ಸಲ್ಲುತ್ತದೆ. ತಾನೂ ಧಾನ್ಯ ತುಂಬಿದ ಕಣಜದಿಂದ ಕಷ್ಟಕಾಲದಲ್ಲಿ ಒಂದು ಕೊಳಗವನ್ನು ಅಳೆದುಕೊಳ್ಳುವುದಕ್ಕೆ ನಾಚಿಕೆಯೇಕೆ?

ಆದರೂ ನಮ್ಮ ಭಾಷೆಯೇ ಆ ನಾಚಿಕೆಯನ್ನು ಉಳಿಸಿಕೊಂಡಿದೆ. ವರ್ತಕನು ಬಾಕಿಗಾಗಿ ಬರೆಯುವಾಗ ‘ತಮ್ಮಿಂದ ಸಲ್ಲಬೇಕಾದ ಮೊಬಲಗು’ ಎಂದು ಬರೆಯುತ್ತಾನೆ. ಕೈ ಕಳೆದುಕೊಂಡವನ ಪರವಾಗಿ ಬರೆಯುವ ಅರ್ಜಿಯಲ್ಲಿ ಮಾತ್ರ ‘ಬಡವನಾದ ನನ್ನ ಮೇಲೆ ದಯೆಯಿಟ್ಟು ಮಂಜೂರು ಮಾಡಬೇಕಾಗಿ ಪ್ರಾರ್ಥನೆ’ ಎಂಬ ವಾಕ್ಯವು ತಪ್ಪದೆ ಬರುತ್ತದೆ. ಬರೆಯುವವರು ನಾವೇ, ಓದುಬರೆಹ ಬಲ್ಲವರು. ‘ದಯೆಯಿಟ್ಟು’ ಎಂಬಲ್ಲಿ ‘ಶಾಸನದಂತೆ ಸಲ್ಲತಕ್ಕ’ ಎಂದು ಬರೆದರೆ ಅರ್ಜಿಯ ವಿನಯವೇನೂ ಕೆಡುವುದಿಲ್ಲ. ಅರ್ಜಿದಾರನ ಬೆನ್ನು ನೆಟ್ಟಗಾಗುತ್ತದೆ.

೮

ಕೊನೆಯದಾಗಿ ನಮ್ಮ ಮನೆಗಳ ಮಾತು. ಈ ವಿಚಾರವೆಲ್ಲ ಗಿರಣಿಯ ಒಡೆಯರಿಗೂ ಸರ್ಕಾರಕ್ಕೂ ಸಂಬಂಧಿಸಿದುದೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಇ.ಎಸ್.ಐ. ವ್ಯವಸ್ಥೆಯು ಸಾಮಾನ್ಯವಾಗಿ ಹತ್ತು ಜನರಿಗೆ ಕಡಮೆಯಿಲ್ಲದೆ ದುಡಿಯುವ ಸ್ಥಳಗಳಿಗೆ ಅನ್ವಯಿಸತಕ್ಕುದು. ನಮ್ಮ ಅಂಗಳದ ತೆಂಗಿನ ಮರವನ್ನೇರುವವನು, ತೋಟದಲ್ಲಿ ಅಡಕೆಯ ಕೊನೆ ಇಳಿಸುವವನು, ಅಟ್ಟದ ಮೇಲಿನ ಪಾತ್ರೆಯನ್ನು ತೆಗೆಯಲು ನಿಚ್ಚಣಿಗೆ ಹತ್ತುವ ಮನೆಗೆಲಸದ ಹೆಂಗಸು, ಇವರ ಬಳಿಗೆ ಆ ಭಂಡಾರದ ಕೈ ಚಾಚುವುದಿಲ್ಲ. ತೆಂಗಿನ ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯು ‘ಕೇರ ಸುರಕ್ಷಾ’ ಎಂಬ ವಿಮೆಯನ್ನು ಏರ್ಪಡಿಸಿದೆ. ನಮ್ಮ ಮನೆಗೆ ಬರುವವನು ಅದಕ್ಕೆ ಸೇರಿದ್ದಾನೆಯೇ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ರಕ್ಷಣೆಯ ಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು ೨೦೧೩ರ ಶಾಸನವು ನಿಷೇಧಿಸಿತು; ಹಾಗೆ ಇಳಿದು ಸತ್ತವನ ಮನೆಗೆ ೩೦ ಲಕ್ಷ ರೂಪಾಯಿಗಳು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಆಜ್ಞೆ ಮಾಡಿತು. ಆದರೂ ಗುಂಡಿ ತುಂಬಿದ ದಿನ, ಕಡಮೆ ಹಣಕ್ಕೆ ಇಳಿಯುವವರು ಯಾರಾದರೂ ಸಿಕ್ಕಿಯಾರೇ ಎಂದು ವಿಚಾರಿಸುವ ಸುಶಿಕ್ಷಿತರ ಮನೆಗಳು ಇಲ್ಲವೆನ್ನುವಂತಿಲ್ಲ.

ಶಾಸನವು ಮುಟ್ಟದಿರುವಲ್ಲಿ ಋಣವು ಇಲ್ಲವಾಗುವುದಿಲ್ಲ. ಅದನ್ನು ಅಳೆಯುವವರು ಇಲ್ಲ, ಅಷ್ಟೆ. ಅಳೆಯುವವರಿಲ್ಲದ ಋಣವನ್ನು ಸರಿಯಾಗಿ ಅಳೆದು ಕೊಡುವುದರಲ್ಲಿಯೇ ಮನುಷ್ಯನ ಧರ್ಮಬುದ್ಧಿಯ ಪರೀಕ್ಷೆಯಿದೆ. ನಮ್ಮ ಮನೆಯ ಕೆಲಸದಲ್ಲಿ ಬಿದ್ದವನಿಗೆ ಹಬ್ಬದ ಉಡುಗೊರೆಯಂತೆ ಏನನ್ನೋ ಕೊಟ್ಟು ಕಳುಹಿಸದೆ, ಅವನು ಏಳುವವರೆಗೆ ದಿನದ ಕೂಲಿಯನ್ನು ಎಣಿಸಿ ಸಲ್ಲಿಸುವುದು ಮೊದಲ ಹೆಜ್ಜೆಯಾಗಬಹುದು.

ಎರಡನೆಯದು ಇನ್ನೂ ಸುಲಭ. ಪರಿಹಾರವನ್ನು ಕೇಳಲು ಕಾಲಮಿತಿಯುಂಟು. ೧೯೨೩ರ ಶಾಸನವು ಅದಕ್ಕೆ ಎರಡು ವರ್ಷಗಳನ್ನು ಗೊತ್ತುಮಾಡಿತ್ತು. ಕೇಳಬೇಕೆಂದು ತಿಳಿಯದೆ, ತಿಳಿದರೂ ಬರೆಯಲು ಬಾರದೆ, ಬರೆಸಿದರೂ ಯಾವ ಕಚೇರಿಗೆ ಕೊಡಬೇಕೆಂದು ಅರಿಯದೆ ದಿನಗಳನ್ನು ಕಳೆದುಕೊಳ್ಳುವವರ ನಡುವೆ ನಾವು ಬಾಳುತ್ತಿದ್ದೇವೆ. ಗಾಯವಾದ ದಿನ, ಹೊತ್ತು, ಸ್ಥಳ, ಸಾಕ್ಷಿ, ವೈದ್ಯರ ಚೀಟಿ ಇವಿಷ್ಟನ್ನು ಆಗಲೇ ಬರೆದಿಡಿಸುವುದಕ್ಕೆ ಒಂದು ಗಂಟೆಯೂ ಹಿಡಿಯುವುದಿಲ್ಲ. ವಿದ್ಯೆಯನ್ನು ಪಡೆದವರಿಗೆ ಋಷಿಋಣವೆಂಬುದೊಂದುಂಟೆಂದು ನಮ್ಮ ಹಿರಿಯರು ಹೇಳಿದರು. ಅಕ್ಷರವನ್ನು ಅಕ್ಷರವಿಲ್ಲದವನ ಸಲುವಾಗಿ ಬಳಸುವುದರಿಂದ ಆ ಋಣವೂ ಸ್ವಲ್ಪ ತೀರುತ್ತದೆ. ಮುಂದೆ ನೆರೆಮನೆಯ ಕೆಲಸಗಾರನೊಬ್ಬನು ಕಟ್ಟು ಕಟ್ಟಿದ ಕೈಯಿಂದ ನಮ್ಮ ಬಾಗಿಲಿಗೆ ಬಂದು ‘ಕೇಳಬಹುದೇ, ಸ್ವಾಮಿ?’ ಎಂದು ವಿಚಾರಿಸಿದರೆ, ಕೇಳಬಹುದೆಂದು ಹೇಳಿ ಕಳುಹಿಸುವುದು ಸಾಲದು. ಕೇಳಬೇಕು ಎಂದು ಹೇಳಿ, ಲೇಖನಿಯನ್ನು ತೆಗೆದುಕೊಂಡು ಅವನ ಜೊತೆಯಲ್ಲಿ ಕುಳಿತುಕೊಳ್ಳಬೇಕು.